ಅಣೆಕಟ್ಟಿನ ಕೆಳಗೆ ಯಾರಿದ್ದಾರೆ?

ನಾ. ಡಿಸೋಜರು 2025ರ ಜನವರಿ 5ರಂದು ನಮ್ಮನ್ನಗಲಿದರು. ಆ ಬಳಿಕ ಅವರ ‘ದ್ವೀಪ’ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ಚಿತ್ರವನ್ನೂ ಮತ್ತೆ ನೋಡಿದೆ. ಮೊದಲ ಸಲ ನೋಡಿದಾಗ ಕಣ್ಣು ಒದ್ದೆಯಾಗಿತ್ತು. ಈ ಸಲ ಅದರ ಜೊತೆಗೆ ಒಂದು ಪ್ರಶ್ನೆಯೂ ಎದ್ದಿತು.

ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ನೆಲದಲ್ಲೇ ದುಡಿದವರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಎಷ್ಟು ಮನೆಗಳ ಒಲೆ ಆರಿಸಿತೆಂಬುದನ್ನು ಹತ್ತಿರದಿಂದ ಕಂಡವರು. ‘ನಾಡಿಗೆ ಬೆಳಕು’ ಎಂಬ ಮಾತಿನ ಅಬ್ಬರದಲ್ಲಿ ಕತ್ತಲೆಗೆ ಸರಿದವರನ್ನು ಅವರು ಕನ್ನಡ ಸಾಹಿತ್ಯಕ್ಕೆ ತಂದರು. ರಾಷ್ಟ್ರೀಯ ಶ್ರೇಷ್ಠ ಚಿತ್ರ ಪ್ರಶಸ್ತಿ ಪಡೆದ ಕಾಸರವಳ್ಳಿಯವರ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಏರುವ ನೀರಿನ ನಡುವೆ ಸಂಸಾರವನ್ನು ಉಳಿಸುವವಳು ನಾಗಿ. ಕೊನೆಯಲ್ಲಿ ಗಂಡ ಕೃತಜ್ಞತೆ ಸಲ್ಲಿಸುವುದು ಮಾತ್ರ ದೇವರಿಗೆ. ಅವಳ ದುಡಿಮೆ ಅವನ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬಾರದವರನ್ನು ಕಾಣಲು ಕಲಿಸುವುದೇ ಆ ಚಿತ್ರದ ದೊಡ್ಡ ಗುಣ.

ಅದೇ ಅಳತೆಗೋಲನ್ನು ‘ದ್ವೀಪ’ಕ್ಕೂ ಹಿಡಿಯಬೇಕಲ್ಲವೇ? ಇಲ್ಲಿ ದುರಂತವೆಂದರೆ ನೀರು ಏರುವುದು. ಕಥೆ ನಡೆಯುವುದು ಅಣೆಕಟ್ಟಿನ ಮೇಲ್ಗಡೆ, ಮುಳುಗುವ ನೆಲದಲ್ಲಿ. ಕೆಳಗಡೆ, ಹರಿವು ನಿಂತ ದಡದಲ್ಲಿ ಬದುಕುವವರು ಎಲ್ಲಿದ್ದಾರೆ? ಒಂದು ಕೃತಿ ಎಲ್ಲವನ್ನೂ ಹೇಳಬೇಕಿಲ್ಲ. ಆದರೆ ‘ದ್ವೀಪ’ದ ನಂತರ ನಮ್ಮ ಓದುಗರ ಮನಸ್ಸಿನಲ್ಲಿ ಅಣೆಕಟ್ಟಿನ ಸಂಕಟವೆಂದರೆ ಮುಳುಗಡೆ ಮಾತ್ರ ಎಂಬ ಚಿತ್ರ ನಿಂತುಬಿಟ್ಟಿದೆ.

ಕಲಬುರಗಿಯಲ್ಲಿ ನಿಂತು ನೋಡುವವನಿಗೆ ಈ ಚಿತ್ರ ಅರ್ಧವೆನಿಸುತ್ತದೆ. ನಮ್ಮ ಊರಿನ ಸೂಪರ್ ಮಾರ್ಕೆಟ್ ಗಾಜಿನ ಬಾಗಿಲಿನ ಅಂಗಡಿಯಲ್ಲ, ಜನರಿಂದ ಗಿಜಿಗುಡುವ ಪೇಟೆ. ಅಲ್ಲಿ ಕಮಲಾಪುರದ ಕೆಂಪು ಬಾಳೆ ಕೊಳ್ಳುತ್ತಾ, “ಇಷ್ಟು ತುಟ್ಟಿ ಯಾಕಪ್ಪಾ?” ಎಂದೆ. “ಇದು ನೀರು ಭಾಳ ಕುಡಿತದ್ರೀ. ಹೊಳಿ ಹರಿದ್ರ ಬಾವ್ಯಾಗ ನೀರು, ಬಾವ್ಯಾಗ ನೀರಿದ್ರ ಬಾಳಿ” ಎಂದ ಗಾಡಿಯವನು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಣ್ಣಿನ ಹಿಂದೆ ಕಣಿವೆಯ ನೀರಿದೆ. ಹರಿಯುವ ಹೊಳೆ ದಡದ ನೆಲಕ್ಕೂ ನೀರು ಇಂಗಿಸುತ್ತದೆ, ಮೀನಿಗೆ ದಾರಿಯಾಗುತ್ತದೆ, ಮರಳು ಮತ್ತು ಮೆಕ್ಕಲು ಮಣ್ಣನ್ನು ಹೊತ್ತು ತರುತ್ತದೆ. ಇವಕ್ಕೆಲ್ಲ ನಾವು ಬೆಲೆ ಕಟ್ಟಿಲ್ಲ. ಆದುದರಿಂದಲೇ ಹರಿವು ನಿಂತಾಗ ನಷ್ಟವಾಯಿತೆಂದು ಯಾರೂ ಬರೆದಿಡುವುದಿಲ್ಲ.

ಭೀಮೆಯನ್ನೇ ನೋಡಿ. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುವ ನದಿ. ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟು ಸುಮಾರು 117 ಟಿಎಂಸಿ ನೀರನ್ನು ಹಿಡಿಯಬಲ್ಲುದು. 2024ರ ಬೇಸಿಗೆಯಲ್ಲಿ ನದಿಗೆ ನೀರು ಬಿಡಿಸಿ ಎಂದು ಅಫಜಲಪುರದ ಜನ ಧರಣಿ ಕೂತರು. ಅದೇ ನದಿ 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ, ಮಳೆಯ ನೀರಿನ ಜೊತೆ ಮೇಲಿನಿಂದ ಬಿಟ್ಟ ನೀರೂ ಸೇರಿ ಹಳ್ಳಿಗಳಿಗೆ ನುಗ್ಗಿತು. ಬೇಕಾದಾಗ ಇಲ್ಲ, ಬೇಡವಾದಾಗ ಒಮ್ಮೆಗೇ. ನದಿಯೊಂದು ಕೊಳವೆಯಾದಾಗ ಆಗುವುದು ಇದೇ. ಈ ದಡದ ಅಂಬಿಗ, ಕೋಲಿ, ಕಬ್ಬಲಿಗರ ಬದುಕು ಯಾವ ‘ದ್ವೀಪ’ದಲ್ಲಿ ಬಂದಿದೆ? ಮುಳುಗಿದ ಮನೆಗೆ ಸರ್ವೆ ನಂಬರ್ ಇರುತ್ತದೆ. ಬತ್ತಿದ ಹರಿವಿಗೆ ಅದೂ ಇಲ್ಲ.

ಇನ್ನು ಶರಾವತಿಯ ಕೆಳದಂಡೆಯಲ್ಲಿ ನಡೆದದ್ದು ತದ್ವಿರುದ್ಧ. ಅಲ್ಲಿ ವಿದ್ಯುತ್ ಉತ್ಪಾದನೆಗೆ ಬಳಸಿದ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಬಂದು ಬೀಳುತ್ತದೆ. ಅದರಿಂದ ಉಪ್ಪಿನ ಅಂಶ ತಗ್ಗಿ, ಚಿಪ್ಪುಮೀನುಗಳ ಸಂತತಿ ಕ್ಷೀಣಿಸಿತು. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಚಿಪ್ಪುಮೀನು ಹೆಕ್ಕಿ ಸಂಸಾರ ನಡೆಸುವ ಹೆಂಗಸರಿದ್ದಾರೆ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವಿದೆ. 2024ರಲ್ಲಿ ಆ ಅಳಿವೆಗೆ ರಾಮ್ಸರ್ ತಾಣದ ಮಾನ್ಯತೆ ದೊರೆಯಿತು. ಎರಡು ನೆರೆಯ ನದಿಗಳು, ಎರಡು ಭವಿಷ್ಯಗಳು. ಜಗತ್ತಿನಲ್ಲೂ ಅಘನಾಶಿನಿಯಂಥವು ವಿರಳವಾಗುತ್ತಿವೆ. ಸಾವಿರ ಕಿಲೋಮೀಟರ್‌ಗಿಂತ ಉದ್ದದ ನದಿಗಳಲ್ಲಿ ಶೇ. 37ರಷ್ಟು ಮಾತ್ರ ಉದ್ದಕ್ಕೂ ಮುಕ್ತವಾಗಿ ಹರಿಯುತ್ತಿವೆಯೆಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಕಲಬುರಗಿ ನಗರ ಕುಡಿಯುವುದೂ ಭೀಮೆ ಮತ್ತು ಬೆಣ್ಣೆತೊರೆಯಲ್ಲಿ ತಡೆದು ನಿಲ್ಲಿಸಿದ ನೀರನ್ನೇ. ಆದುದರಿಂದ ಅಣೆಕಟ್ಟುಗಳನ್ನೆಲ್ಲ ಒಡೆಯಿರಿ ಎನ್ನುವ ನೈತಿಕ ಹಕ್ಕು ನನಗಿಲ್ಲ. ಆದರೆ ತಡೆಯುವವನಿಗೆ ಬಿಡುವ ಹೊಣೆಯೂ ಇದೆ. ಮದೀನಾದ ಮಹ್‌ಝೂರ್ ಎಂಬ ತೊರೆಯ ವಿಷಯದಲ್ಲಿ ಪ್ರವಾದಿವರ್ಯರು(ಸ) ನೀಡಿದ ತೀರ್ಪು ಹದೀಸ್ ಗ್ರಂಥಗಳಲ್ಲಿದೆ. ಮೇಲಿನ ಹೊಲದವನು ಪಾದದ ಗಂಟಿನವರೆಗೆ ನೀರು ನಿಲ್ಲಿಸಿಕೊಳ್ಳಬಹುದು, ಆ ಬಳಿಕ ಅದನ್ನು ಕೆಳಗಿನವನಿಗೆ ಬಿಡಬೇಕು. ಮೇಲಿನವನ ಅಗತ್ಯಕ್ಕೆ ಒಂದು ಮಿತಿ, ಕೆಳಗಿನವನಿಗೆ ಒಂದು ಹಕ್ಕು. ಇಸ್ಲಾಮೀ ಕರ್ಮಶಾಸ್ತ್ರವು ನೀರು ಕುಡಿಯುವ ಹಕ್ಕನ್ನು ಪ್ರಾಣಿಗಳಿಗೂ ಕೊಟ್ಟಿದೆ. ಜಲಾಶಯಗಳಿಂದ ನದಿಗೆ ಕನಿಷ್ಠ ಹರಿವು ಬಿಡಬೇಕೆಂದು ಇಂದಿನ ತಜ್ಞರು ಹೇಳುವಾಗ ಈ ಹಳೆಯ ನ್ಯಾಯವೇ ನೆನಪಾಗುತ್ತದೆ. ಅದನ್ನು ಮಸೀದಿಯ ಪ್ರವಚನಗಳಲ್ಲಿ ಕೇಳಿ ತಲೆದೂಗಿದರಷ್ಟೇ ಸಾಲದು, ನೀರಾವರಿ ಸಭೆಗಳಲ್ಲೂ ಹೇಳಬೇಕು.

ಬರಹಗಾರರಿಗೂ ಇಲ್ಲಿ ಕೆಲಸವಿದೆ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವಾಗ ಕುರಿಕೋಟಾದ ಬಳಿ ಬಸ್ಸು ಬೆಣ್ಣೆತೊರೆಯ ಸೇತುವೆ ದಾಟುತ್ತದೆ. ಎಷ್ಟೋ ಸಲ ಅದನ್ನು ದಾಟಿದ್ದೇನೆ, ಒಮ್ಮೆಯೂ ಇಳಿದು ದಡದವರನ್ನು ಮಾತನಾಡಿಸಲಿಲ್ಲ. ಮುಳುಗುವವರ ಜೊತೆ ಡಿಸೋಜರಿದ್ದರು. ಬತ್ತುವವರ ಜೊತೆ ಕೂರಲು ನಮ್ಮಲ್ಲಿ ಯಾರು ಬಸ್ಸಿನಿಂದ ಇಳಿಯುತ್ತೇವೆ?