ಚಿನ್ನದ ಊರು, ಬಣ್ಣದ ಊರು

ಕೆ.ಜಿ.ಎಫ್. ಎಂದರೆ ಈಗ ಊರಲ್ಲ, ಸಿನಿಮಾ. 2018ರ ಡಿಸೆಂಬರಿನಲ್ಲಿ ಅದರ ಮೊದಲ ಭಾಗ, 2022ರ ಏಪ್ರಿಲಿನಲ್ಲಿ ಎರಡನೆಯ ಭಾಗ ತೆರೆಗೆ ಬಂದವು. ಕನ್ನಡದ ಚಿತ್ರವೊಂದನ್ನು ಇಡೀ ದೇಶ ಕಣ್ಣರಳಿಸಿ ನೋಡಿತು. ಅದು ಸಂತೋಷದ ಸಂಗತಿಯೇ. ಆದರೆ ಸಮಾಜ ಪಾಠದ ತರಗತಿಯಲ್ಲಿ ಕೋಲಾರ ಯಾವುದಕ್ಕೆ ಪ್ರಸಿದ್ಧವೆಂದು ಕೇಳಿದಾಗ, "ರಾಕಿ ಭಾಯ್‌ಗೆ ರೀ ಅಕ್ಕೋರ" ಎಂದು ಹುಡುಗನೊಬ್ಬ ಎದ್ದು ನಿಂತು ಹೇಳಿದರೆ, ಉಳಿದವರೆಲ್ಲ ಸಿಳ್ಳೆ ಹೊಡೆದರೆ, ಆ ಸಂತೋಷದ ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಒಂದು ಊರಿನ ಹೆಸರನ್ನು ಸಿನಿಮಾ ಎತ್ತಿಕೊಂಡು ಹೋದಾಗ ಆ ಊರಿನ ಜನರನ್ನು ಎಲ್ಲಿ ಬಿಟ್ಟು ಹೋಯಿತು?

ಚಿತ್ರವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಿರ್ದೇಶಕ ಪ್ರಶಾಂತ್ ನೀಲ್ ಅವರಿಗೆ ಕಥೆ ಹೇಳುವ ಗತ್ತು ಗೊತ್ತಿದೆ. ಕರಿ ಧೂಳು, ಬೆಂಕಿ, ಸುತ್ತಿಗೆಯ ಸಪ್ಪಳ ಇವುಗಳಿಂದಲೇ ಒಂದು ನರಕವನ್ನು ಕಟ್ಟಿ ನಿಲ್ಲಿಸುತ್ತಾರೆ. ಕುರುಡ ಮುದುಕನೊಬ್ಬನ ಜೀವ ಉಳಿಸಲು ನಾಯಕ ಕಾವಲುಗಾರರ ಮೇಲೆ ಕೈ ಎತ್ತುವ ಹೊತ್ತಿಗೆ ನೋಡುವವರ ಮುಷ್ಟಿಯೂ ಬಿಗಿಯಾಗುತ್ತದೆ. ಹೆಣಗಾಡಿ ಬದುಕಿದ ತಾಯಿಗೆ ಮಗ ಕೊಟ್ಟ ಮಾತಿನ ಎಳೆಯೂ ನಮ್ಮ ಮಂದಿಯ ಮನಸ್ಸಿಗೆ ನಾಟುವಂಥದು. ಇದನ್ನೆಲ್ಲ ಒಪ್ಪಿಕೊಂಡೇ ನನ್ನ ತಕರಾರನ್ನು ಹೇಳಬೇಕು.

ಚಿತ್ರದ ಗಣಿಯ ಹೆಸರು ನರಾಚಿ. ಅಲ್ಲಿ ಚಿನ್ನ ಕಂಡದ್ದು 1951ರಲ್ಲಿ, ಅದೇ ಹೊತ್ತಿಗೆ ನಾಯಕನೂ ಹುಟ್ಟುತ್ತಾನೆ. ಒಬ್ಬ ಒಡೆಯ ಆ ಚಿನ್ನವನ್ನು ಸರಕಾರದ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು, ಸಾವಿರಾರು ಜನರನ್ನು ಗುಲಾಮರನ್ನಾಗಿ ದುಡಿಸುತ್ತಾನೆ. ಅವರಿಗೆ ಊರಿಲ್ಲ, ಮಾತಿಲ್ಲ, ಹೆಸರೂ ಇಲ್ಲದಷ್ಟೇ. ಕಣ್ಣಲ್ಲಿ ಭಯ, ಕೈಯಲ್ಲಿ ಸುತ್ತಿಗೆ, ಇಷ್ಟೇ. ಯಾರೋ ಬರುತ್ತಾನೆ, ನಮ್ಮನ್ನು ಬಿಡಿಸುತ್ತಾನೆ ಎಂದು ಕಾಯುವುದೊಂದೇ ಅವರಿಗುಳಿದ ಕೆಲಸ. ಆ ಯಾರೋ ಮುಂಬಯಿಯಿಂದ ಬರುತ್ತಾನೆ.

ಈ ಕಥೆಯನ್ನು ಹೇಳುವವರಾರು ಎಂಬುದನ್ನೂ ಗಮನಿಸಬೇಕು. ಆನಂದ ಇಂಗಳಗಿ ಎಂಬ ಹಿರಿಯ ಪತ್ರಕರ್ತ ಟಿ.ವಿ. ಚಾನೆಲ್ಲಿನವರ ಮುಂದೆ ಕುಳಿತು ಹೇಳುತ್ತಾನೆ. ನಮ್ಮ ಕಡೆಯ ಅಡ್ಡಹೆಸರೊಂದನ್ನು ಆ ಪಾತ್ರಕ್ಕೆ ಇಟ್ಟದ್ದು ಚೆಂದವೇ, ಅನಂತನಾಗ್ ಅದನ್ನು ಗಾಂಭೀರ್ಯದಿಂದ ನಿಭಾಯಿಸಿದ್ದಾರೆ ಕೂಡ. ಆದರೆ ಗಣಿಯ ಕಥೆಯನ್ನು ಗಣಿಯವನು ಹೇಳುವುದಿಲ್ಲ. ಆತನ ಪರವಾಗಿ ಹೊಡೆಯುವವನೊಬ್ಬ, ಆತನ ಪರವಾಗಿ ಮಾತಾಡುವವನೊಬ್ಬ. ಆತ ಮಾತ್ರ ಎರಡೂ ಭಾಗ ಮುಗಿಯುವವರೆಗೆ ಗುಂಪಿನಲ್ಲೇ ನಿಂತಿರುತ್ತಾನೆ.

ನಿಜವಾದ ಕೋಲಾರದ ಗಣಿಗಳ ಲೆಕ್ಕವೇ ಬೇರೆ. ಮಾರಿಕುಪ್ಪಂ, ಊರಿಗಾಂ ಹಳ್ಳಿಗಳ ಸುತ್ತಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿ ಬಂದದ್ದು 1802ರಲ್ಲಿ. ಅವನಿಗೆ ದಾರಿ ತೋರಿಸಿದವರು ಅಲ್ಲಿಯ ಹಳ್ಳಿಗರೇ, ಅವರು ಮೊದಲಿನಿಂದಲೂ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. 1870ರ ದಶಕದಲ್ಲಿ ಲಾವೆಲ್ ಎಂಬ ನಿವೃತ್ತ ಸಿಪಾಯಿ ಮೈಸೂರು ಸರಕಾರದಿಂದ ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿಯ ಕಾರುಬಾರು. 1902ರಲ್ಲಿ ಶಿವನಸಮುದ್ರದಿಂದ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ವಿದ್ಯುತ್ತನ್ನು ತಂದದ್ದು ಈ ಗಣಿಗಳಿಗಾಗಿಯೇ. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು ಬೆಳಗಿದ್ದು ಗಣಿಯ ದೀಪ. ಅಂದರೆ ಸಿನಿಮಾದಲ್ಲಿ ಚಿನ್ನ ಸಿಗುವ 1951ರ ಹೊತ್ತಿಗೆ ನಿಜವಾದ ಗಣಿಗಳಿಗೆ ಎಪ್ಪತ್ತು ವರ್ಷ ತುಂಬಿತ್ತು.

ಆ ಎಪ್ಪತ್ತು ವರ್ಷಗಳಲ್ಲಿ ಅಲ್ಲಿಯ ಜನ ಕೈಕಟ್ಟಿ ಕಾಯುತ್ತ ಕೂತಿರಲಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಉತ್ತರ ಆರ್ಕಾಟ್, ಚಿತ್ತೂರಿನ ಕಡೆಯಿಂದ ಬಂದ ಭೂಮಿಯಿಲ್ಲದ ದಲಿತರು. ಊರಲ್ಲಿದ್ದರೆ ಗೌಡನ ಹೊಲ, ಇಲ್ಲಿ ಬಂದರೆ ಕಂಪನಿಯ ಕತ್ತಲೆ. ಎರಡನೆಯದನ್ನು ಅವರು ಆಯ್ದುಕೊಂಡರು. ಆಯ್ಕೆ ಎಂಬ ಮಾತು ದೊಡ್ಡದಾಯಿತೇನೋ, ಆದರೂ ಅದು ಗುಲಾಮನನ್ನು ಕಟ್ಟಿ ತರುವ ಹಾಗಿನ ಸಂಗತಿಯಲ್ಲ. 1930ರಲ್ಲಿ ಕಂಪನಿ ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಿತು. ಕಳ್ಳರಿಗೆ ಮಾಡುವ ಕ್ರಮ ತಮಗೇಕೆಂದು ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಗ ಅಲ್ಲಿ ಸಂಘವಿರಲಿಲ್ಲ, ಹೊರಗಿನಿಂದ ಬಂದ ನಾಯಕನಿರಲಿಲ್ಲ. ಆದರೂ ಸುಮಾರು ಮೂರು ವಾರ ಗಣಿಗಳು ನಿಂತವು. ಜಾನಕಿ ನಾಯರ್ ಅವರು ಹಳೆಯ ಮೈಸೂರಿನ ಗಣಿ ಮತ್ತು ಗಿರಣಿಗಳ ಕಾರ್ಮಿಕರ ಬಗ್ಗೆ 1998ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಈ ಜನರ ಬದುಕನ್ನು ಆಳವಾಗಿ ಶೋಧಿಸಿದ್ದಾರೆ. ಮುಂದೆ ಸಂಘಗಳು ಬಂದವು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಸ್ವಾತಂತ್ರ್ಯದ ನಂತರದ ಮೊದಮೊದಲ ಚುನಾವಣೆಗಳಲ್ಲಿ ಇದೇ ಜನ ಕಮ್ಯುನಿಸ್ಟ್ ಪಕ್ಷದವರನ್ನೂ ಅಂಬೇಡ್ಕರರ ಪರಿಶಿಷ್ಟ ಜಾತಿ ಒಕ್ಕೂಟದವರನ್ನೂ ವಿಧಾನಸಭೆಗೆ ಆರಿಸಿ ಕಳುಹಿಸಿದರು. ಸಿನಿಮಾ ಯಾವ ಕಾಲದಲ್ಲಿ ಅವರ ಬಾಯಿಗೆ ಬೀಗ ಹಾಕಿತೋ ಆ ಕಾಲದಲ್ಲಿ ಅವರು ಮತ ಹಾಕುತ್ತಿದ್ದರು, ಭಾಷಣ ಮಾಡುತ್ತಿದ್ದರು, ಪೊಲೀಸರ ಎದುರು ನಿಲ್ಲುತ್ತಿದ್ದರು.

ಇಷ್ಟನ್ನು ಓದಿಕೊಂಡು ಒಮ್ಮೆ ಆ ಊರನ್ನು ನೋಡಬೇಕೆಂದು ನಾವು ನಾಲ್ಕು ಜನ ಶಿಕ್ಷಕಿಯರು ಹೋದೆವು. ಬಂಗಾರಪೇಟೆಯಲ್ಲಿ ಮುಖ್ಯ ಹಾದಿಯಿಂದ ಕವಲೊಡೆದ ರೈಲು ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಮುಂದೆ ಹಳಿಯಿಲ್ಲ. ಮೊದಲು ಕಣ್ಣಿಗೆ ಬೀಳುವುದು ಸೈನೈಡ್ ದಿಬ್ಬಗಳು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡಿನಿಂದ ಚಿನ್ನ ಸೋಸಿಕೊಂಡ ಮೇಲೆ ಉಳಿದ ಬೂದು ಮಣ್ಣು ಅದು. ಮೂರು ಕೋಟಿ ಟನ್‌ಗೂ ಹೆಚ್ಚು ಇದೆಯಂತೆ. ಬೇಸಿಗೆಯ ಗಾಳಿಗೆ ಆ ಪುಡಿ ಎದ್ದು ಮನೆಗಳ ಅಡುಗೆ ಪಾತ್ರೆಯವರೆಗೂ ಬರುತ್ತದೆ. ಸಿನಿಮಾದವರು ಚಿತ್ರೀಕರಣ ಮಾಡಿದ್ದೂ ಇಂಥ ದಿಬ್ಬಗಳ ನಡುವೆಯೇ. ಹಿನ್ನೆಲೆಗೆ ದಿಬ್ಬ ಬೇಕಾಯಿತು, ದಿಬ್ಬದ ಹಿನ್ನೆಲೆ ಬೇಕಾಗಲಿಲ್ಲ.

ಊರಿನ ಒಂದು ಮಗ್ಗುಲಿಗೆ ದೊರೆಗಳ ಬಂಗಲೆ, ಕ್ಲಬ್ಬು, ಇಗರ್ಜಿ. ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆಯುತ್ತಿದ್ದರು, ಈಗಲೂ ಹೆಮ್ಮೆಯಿಂದ ತೋರಿಸುವವರಿದ್ದಾರೆ. ಇನ್ನೊಂದು ಮಗ್ಗುಲಿಗೆ ಕೂಲಿ ಲೈನುಗಳು. ಒಂದಕ್ಕೊಂದು ಅಂಟಿದ ಸಣ್ಣ ಸಣ್ಣ ಮನೆಗಳು, ಎಲ್ಲರಿಗೂ ಸೇರಿ ಬೀದಿ ನಳ. ಮೊದಲಿಗೆ ಅವೂ ಬಿದಿರಿನ ತಟ್ಟಿಯ ಗೋಡೆಯವು. ನೋಡಲು ಬಂದವರು ಬಂಗಲೆಯ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಊರಿನ ನಿಜವಾದ ವಾಸ್ತು ಇರುವುದು ಲೈನುಗಳಲ್ಲಿ ಎಂದು ನನಗೆ ಅನಿಸಿತು, ಯಾಕೆಂದರೆ ಒಂದು ಬಂಗಲೆ ನಿಲ್ಲಲು ಎಷ್ಟು ಲೈನು ಬೇಕಾಯಿತು ಎಂಬ ಲೆಕ್ಕ ಅಲ್ಲಿಯೇ ಸಿಗುವುದು.

ಅಲ್ಲಿ ಭೆಟ್ಟಿಯಾದ ಹಿರಿಯರೊಬ್ಬರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಳಗಿಳಿದವರು. ತಮಿಳು ಬೆರೆತ ಕನ್ನಡ ಅವರದು. ಸಿನಿಮಾ ನೋಡಿದಿರಾ ಎಂದು ಕೇಳಿದೆ. "ಮೊಮ್ಮಗ ತೋರಿಸಿದ ಮೇಡಂ. ಚೆನ್ನಾಗಿದೆ, ಫೈಟು ಎಲ್ಲ. ಆದ್ರೆ ನಮ್ಮನ್ನ ಯಾರೂ ಚೈನು ಹಾಕಿ ಕರ್ಕೊಂಡ್ ಹೋಗ್ಲಿಲ್ಲ. ಸಂಗು ಊದಿದ್ರೆ ನಾವೇ ಎದ್ದು ಹೋಗ್ತಿದ್ವಿ. ಹಸಿವು ಇತ್ತಲ್ಲ, ಅದೇ ಚೈನು" ಎಂದರು. ಸಂಗು ಎಂದರೆ ಗಣಿಯ ಭೋಂಗಾ. ನನಗೆ ಥಟ್ಟನೆ ನಮ್ಮ ಗೋಕಾಕ ಫಾಲ್ಸ್ ನೆನಪಾಯಿತು. ಘಟಪ್ರಭೆಯ ನೀರಿನ ಬಲದಿಂದ ಅಲ್ಲಿಯ ನೂಲಿನ ಗಿರಣಿ ತಿರುಗತೊಡಗಿದ್ದು 1887ರಲ್ಲಿ, ಕೋಲಾರದಲ್ಲಿ ಟೇಲರ್ ಕಂಪನಿ ಕಾಲೂರಿದ ದಶಕದಲ್ಲಿಯೇ. ಆ ಗಿರಣಿಯ ಭೋಂಗಾ ಕೇಳಿ ಎದ್ದು, ಬುತ್ತಿ ಕಟ್ಟಿಕೊಂಡು ಹೋದ ಮಂದಿಯ ಮಕ್ಕಳು ಮೊಮ್ಮಕ್ಕಳು ನಮ್ಮ ಸುತ್ತಲೂ ಇದ್ದಾರೆ. ಅವರನ್ನು ಗುಲಾಮರೆಂದು ಕರೆದರೆ ನಮ್ಮ ಹಿರಿಯರು ಸುಮ್ಮನಿರುತ್ತಿದ್ದರೇ?

ಆ ಹಿರಿಯರು ಹೇಳಿದ ಇನ್ನಷ್ಟು ಸಂಗತಿಗಳು ಸಿನಿಮಾದ ಕತ್ತಿ ಕೊಡಲಿಗಳಿಗಿಂತ ಹೆಚ್ಚು ಮೈ ನಡುಗಿಸುವಂಥವು. ಚಾಂಪಿಯನ್ ರೀಫ್ ಗಣಿ ನೆಲದಡಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಅರವತ್ತು ಡಿಗ್ರಿ ಮೀರಿ ಕಾದಿರುತ್ತದೆ. ತಣ್ಣನೆಯ ಗಾಳಿಯನ್ನು ಮೇಲಿನಿಂದ ಊದಬೇಕು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಕೆಳಗಿದ್ದವರನ್ನು ಕೊಲ್ಲುವ ಆ ಸಿಡಿತಕ್ಕೆ ಮೇಲಿನ ಮನೆಯ ಗೋಡೆಗಳೂ ಅದುರುತ್ತಿದ್ದವಂತೆ, ಹೆಂಗಸರು ಅಡುಗೆ ಬಿಟ್ಟು ಶಾಫ್ಟಿನ ಬಾಯಿಗೆ ಓಡುತ್ತಿದ್ದರಂತೆ. ಸಿಡಿತದಿಂದ ಉಳಿದವರನ್ನು ಕಲ್ಲಿನ ಧೂಳು ಪುಪ್ಪಸದೊಳಗೆ ಕೂತು ನಿಧಾನವಾಗಿ ತಿನ್ನುತ್ತಿತ್ತು. ಇಲ್ಲಿ ಖಳನಾಯಕನಿಗೆ ಮುಖವಿಲ್ಲ. ಮುಖವಿಲ್ಲದ ಖಳನನ್ನು ಗುಂಡಿಟ್ಟು ಕೊಲ್ಲಲು ಬರುವುದಿಲ್ಲ, ಹೀಗಾಗಿ ಸಿನಿಮಾಕ್ಕೆ ಆತ ಬೇಡ.

ಇದೇ ಆಳದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಬಾಹ್ಯಾಕಾಶದ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಸುಳಿವನ್ನು ವಿಜ್ಞಾನಿಗಳು 1965ರಲ್ಲಿ ಕೋಲಾರದ ಗಣಿಯೊಳಗೆ ಹಿಡಿದರು. ಜಗತ್ತಿನಲ್ಲಿ ಅಂಥ ಮೊದಲ ಪ್ರಯತ್ನಗಳಲ್ಲಿ ಅದೊಂದು. ವಿಜ್ಞಾನದ ಪಾಠ ಹೇಳುವವರು ಇದನ್ನು ಮಕ್ಕಳಿಗೆ ಹೇಳಿದರೆ ಸಿಳ್ಳೆ ಬೀಳದಿದ್ದರೂ ಕಣ್ಣು ಅರಳಬಹುದು.

1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು, ಆಮೇಲೆ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅದಿರಿನಲ್ಲಿ ಚಿನ್ನ ತೆಳುವಾಗುತ್ತ ಬಂತು, ಖರ್ಚು ಏರುತ್ತ ಹೋಯಿತು. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಂದಿನಿಂದ ಅಲ್ಲಿಯ ಗಂಡಸರು ಹೆಂಗಸರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ನೆಲದೊಳಗೆ ಇಳಿಯುತ್ತಿದ್ದವರ ಮಕ್ಕಳು ಈಗ ನೆಲದ ಮೇಲೆಯೇ ಅಷ್ಟು ದೂರ ಇಳಿದು ಹತ್ತುತ್ತಾರೆ.

ಸಿನಿಮಾ ಸಿನಿಮಾವೇ, ಅದರಲ್ಲಿ ಇತಿಹಾಸ ಹುಡುಕಬೇಡಿ ಎನ್ನುವವರಿದ್ದಾರೆ. ಕುಲಗೋಡ ತಮ್ಮಣ್ಣನ ಪಾರಿಜಾತ ನೋಡಿ ಬೆಳೆದ ಸೀಮೆಯವರು ನಾವು. ಬಣ್ಣದ ಆಟಕ್ಕೆ ಇತಿಹಾಸದ ಪುರಾವೆ ಕೇಳುವಷ್ಟು ಅರಸಿಕರಲ್ಲ. ಆದರೆ ಪಾರಿಜಾತದಲ್ಲಿ ಸಾಕ್ಷಾತ್ ಕೃಷ್ಣನನ್ನೇ ಒಬ್ಬ ಗೊಲ್ಲತಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ, ದೂತಿ ರುಕ್ಮಿಣಿ ಭಾಮೆಯರ ನಡುವೆ ನಿಂತು ಚುಚ್ಚಿ ಮಾತಾಡುತ್ತಾಳೆ. ಆಟ ಸುಳ್ಳೇ ಇರಬಹುದು, ಕೆಳಗಿನವರ ಬಾಯಿ ಮಾತ್ರ ನಿಜ. ಕೋಟಿಗಟ್ಟಲೆ ಖರ್ಚಿನ ಈ ಚಿತ್ರ ಒಬ್ಬ ಗೊಲ್ಲತಿಯಷ್ಟು ಬಾಯನ್ನೂ ಗಣಿಯವರಿಗೆ ಕೊಡಲಿಲ್ಲ. ನನ್ನ ತಕರಾರು ಇಷ್ಟೇ.

2024ರಲ್ಲಿ ಪಾ. ರಂಜಿತ್ ಅವರ 'ತಂಗಲಾನ್' ತಮಿಳಿನಲ್ಲಿ ಬಂತು. ಅದರಲ್ಲಿ ಉತ್ತರ ಆರ್ಕಾಟಿನ ದಲಿತರೇ ನಾಯಕರು, ಚಿನ್ನ ಹುಡುಕುವ ಕೈಗೆ ಅಲ್ಲಿ ಹೆಸರಿದೆ, ಕನಸಿದೆ. ಮಾಯಾವಿಯ ಕಥೆ ಬೆರೆತು ಕೊನೆಕೊನೆಗೆ ಗೋಜಲಾಗುತ್ತದೆ, ಗಣಿಗಳು ದೊಡ್ಡದಾಗಿ ಬೆಳೆದ ಕಾಲಕ್ಕೆ ಅದು ಬರುವುದೂ ಇಲ್ಲ. ಆದರೂ ಕಥೆ ಯಾರದು ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರ ಹುಡುಕಿದೆ. ಕೋಲಾರ ಕರ್ನಾಟಕದಲ್ಲಿದ್ದರೂ ಅದರ ಕೂಲಿಯವರು ತಮಿಳರೆಂಬ ಕಾರಣಕ್ಕೆ ಅವರ ಕಥೆಯನ್ನು ತಮಿಳಿನವರೇ ಹೇಳಿಕೊಳ್ಳಲಿ ಎಂದು ನಾವು ಬಿಟ್ಟೆವೇ? ಗಡಿ ಜಿಲ್ಲೆಯವರಾದ ನಮಗೆ ಇದು ಬೇಗ ತಿಳಿಯಬೇಕು. ಮರಾಠಿ, ಉರ್ದು, ಕನ್ನಡ ಮಾತಾಡುವ ಮಕ್ಕಳು ಒಂದೇ ಬಾಕಿನ ಮೇಲೆ ಕೂಡುವ ಶಾಲೆಗಳು ನಮ್ಮವು. ಮನೆಮಾತು ಬೇರೆಯಾದರೆ ಬೆವರೂ ಬೇರೆಯವರದಾಗುವುದಿಲ್ಲ.

ದೂರದ ಮೆಕ್ಸಿಕೋ ದೇಶದ ಎತ್ತರದ ಸೀಮೆಯಲ್ಲಿ ಗ್ವಾನಾಹ್ವಾಟೊ ಎಂಬ ಊರಿದೆ. ಸ್ಪೇನಿನವರು ಕಟ್ಟಿಸಿದ ಬೆಳ್ಳಿ ಗಣಿಗಳ ಊರು. ಅಲ್ಲಿಯ ವಲೆನ್ಸಿಯಾನಾ ಗಣಿಯ ಬೆಳ್ಳಿ ಒಂದು ಕಾಲಕ್ಕೆ ಲೋಕವನ್ನೇ ತುಂಬಿತ್ತು. 1988ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಬರೀ ಇಗರ್ಜಿ, ಅರಮನೆಗಳನ್ನಲ್ಲ, ಸುತ್ತಲಿನ ಗಣಿಗಳನ್ನೂ ಹೆಸರಿಸಿ ಸೇರಿಸಿತು. 1810ರಲ್ಲಿ ಸ್ಪೇನಿನ ವಿರುದ್ಧ ಬಂಡಾಯವೆದ್ದಾಗ ದೊರೆಗಳ ಕಡೆಯವರು ದೊಡ್ಡ ಧಾನ್ಯದ ಉಗ್ರಾಣದೊಳಗೆ ಅಡಗಿ ಗುಂಡು ಹಾರಿಸುತ್ತಿದ್ದರು. ಆಗ ಗಣಿ ಕಾರ್ಮಿಕನೊಬ್ಬ ಬೆನ್ನಿಗೆ ಚಪ್ಪಡಿಗಲ್ಲು ಕಟ್ಟಿಕೊಂಡು, ತೆವಳುತ್ತ ಹೋಗಿ, ಬಾಗಿಲಿಗೆ ಬೆಂಕಿ ಹಚ್ಚಿದನಂತೆ. ಆತನ ಅಡ್ಡಹೆಸರು ಪಿಪಿಲಾ. ಆತ ನಿಜವಾಗಿ ಇದ್ದನೋ ಇಲ್ಲವೋ ಎಂದು ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ. ಆದರೆ ಊರಿನ ಮೇಲಿನ ಗುಡ್ಡದಲ್ಲಿ ಪಂಜು ಹಿಡಿದ ಆತನ ದೊಡ್ಡ ಕಲ್ಲುಮೂರ್ತಿ ನಿಂತಿದೆ. ನೋಡಲು ಬಂದವರೆಲ್ಲ ಅದರ ಬುಡದಲ್ಲಿ ನಿಂತೇ ಊರನ್ನು ನೋಡುತ್ತಾರೆ.

ಅದೂ ಒಂದು ಕಟ್ಟುಕಥೆಯೇ ಇರಬಹುದು, ನರಾಚಿಯೂ ಕಟ್ಟುಕಥೆಯೇ. ಆದರೆ ಒಂದು ಊರು ತನ್ನ ಕಥೆಗೆ ಗಣಿಯೊಳಗಿನವನನ್ನೇ ನಾಯಕನಾಗಿ ಆರಿಸಿಕೊಂಡಿತು. ನಾವು ಮುಂಬಯಿಯಿಂದ ತರಿಸಿಕೊಂಡೆವು. ನಮ್ಮಲ್ಲಿ ಬೆನ್ನಿಗೆ ಕಲ್ಲು ಕಟ್ಟಿಕೊಂಡವರು ಇರಲಿಲ್ಲವೆಂದಲ್ಲ. ಹೆಬ್ಬೆಟ್ಟು ಒತ್ತಲಾರೆವೆಂದು ಮೂರು ವಾರ ಹಸಿದು ಕೂತ 1930ರ ಆ ಸಾವಿರಾರು ಮಂದಿಯನ್ನು ಕುರಿತು ಕನ್ನಡದಲ್ಲಿ ಒಂದು ಚಿತ್ರ ಬರಲಿ. ಫೈಟು ಇಲ್ಲದಿದ್ದರೂ ನಡೆದೀತು. ನಮ್ಮ ಹುಡುಗರು ಸಿಳ್ಳೆ ಹೊಡೆಯಲು ಅದರಲ್ಲಿ ಜಾಗ ಸಿಕ್ಕೇ ಸಿಗುತ್ತದೆ.