ಟ್ರೇಲ್ ತೀರ್ಪು: ಒಂದು ಪುನರ್ವಿಮರ್ಶೆ

ಕೆನಡದ ಟ್ರೇಲ್ ಪಟ್ಟಣದಲ್ಲಿ ಸೀಸ ಮತ್ತು ಸತುವನ್ನು ಕರಗಿಸುತ್ತಿದ್ದ ಕಾರ್ಖಾನೆಯ ಗಂಧಕದ ಹೊಗೆ ಗಡಿ ದಾಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಳೆಗಳನ್ನೂ ಮರಗಳನ್ನೂ ಕೆಡಿಸಿತು. ಈ ವ್ಯಾಜ್ಯದಲ್ಲಿ ಮಧ್ಯಸ್ಥ ನ್ಯಾಯಮಂಡಲಿಯು 1938ರಲ್ಲಿ 78,000 ಡಾಲರುಗಳ ಪರಿಹಾರವನ್ನು ವಿಧಿಸಿ, 1941ರಲ್ಲಿ ಅಂತಿಮ ತೀರ್ಪನ್ನಿತ್ತಿತು. ಯಾವ ರಾಷ್ಟ್ರಕ್ಕೂ ತನ್ನ ನೆಲದ ಹೊಗೆಯಿಂದ ನೆರೆನಾಡಿಗೆ ಹಾನಿ ತಗುಲಗೊಡುವ ಹಕ್ಕಿಲ್ಲವೆಂಬ ಅದರ ಸೂತ್ರವು 1972ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಇನ್ನೂ ವ್ಯಾಪಕವಾದ ರೂಪವನ್ನು ತಾಳಿತು.

ಆದರೆ ಸೂತ್ರದ ಉತ್ತರಾರ್ಧವನ್ನು ನಾವು ಮರೆಯಲಾಗದು. ಹಾನಿಯು ಗುರುತರವಾಗಿರಬೇಕು, ಸ್ಪಷ್ಟವಾದ ಸಾಕ್ಷ್ಯದಿಂದ ಸಿದ್ಧವಾಗಬೇಕು. ಒಂದೇ ಕಾರ್ಖಾನೆಯಿದ್ದಲ್ಲಿ ಇದು ಸಾಧ್ಯ. ಅಸಂಖ್ಯ ಕಾರ್ಖಾನೆಗಳ ಹೊಗೆ ಒಂದರೊಳಗೊಂದು ಬೆರೆತಾಗ ನೊಂದವನು ಯಾರನ್ನು ಹೆಸರಿಸಬೇಕು?

ತೀರ್ಪಿನ ನಿಜವಾದ ಹಿರಿಮೆ ನಮ್ಮ ದೃಷ್ಟಿಯಲ್ಲಿ ಬೇರೆಡೆ ಇದೆ. ಗಾಳಿಯ ಗತಿಯನ್ನು ಅಳೆದು, ಅದಕ್ಕೆ ತಕ್ಕಂತೆ ಹೊಗೆಯನ್ನು ಮಿತಗೊಳಿಸುವ ಕಟ್ಟಳೆಯನ್ನೂ ಮಂಡಲಿಯು ಕಾರ್ಖಾನೆಗೆ ವಿಧಿಸಿತು. ಓಝೋನ್ ಪದರದ ರಕ್ಷಣೆಗಾಗಿ 1987ರಲ್ಲಾದ ಮಾಂಟ್ರಿಯಲ್ ಒಪ್ಪಂದವು ಫಲಿಸಿದ್ದೂ ಇಂಥ ಮಾರ್ಗದಿಂದಲೇ. ಯಾರು ಯಾರಿಗೆ ಕೇಡು ಮಾಡಿದರೆಂದು ಅದು ವಿಚಾರಿಸಲಿಲ್ಲ. ಹಾನಿಕರ ರಾಸಾಯನಿಕಗಳ ತಯಾರಿಕೆಗೂ ಬಳಕೆಗೂ ಮಿತಿಯನ್ನು ಗೊತ್ತುಮಾಡಿತು. ಆದುದರಿಂದ ಟ್ರೇಲ್ ತೀರ್ಪನ್ನು ಬೋಧಿಸುವವರು ಸೂತ್ರದೊಡನೆ ಈ ಕಟ್ಟಳೆಯನ್ನೂ ಓದಿಸುವುದು ಅವಶ್ಯ.