ಮೊದಲು ಸಂದಿ, ಆಮೇಲೆ ಬಣ್ಣ: ಆಲ್ಮಾ ಥಾಮಸ್ ಚಿತ್ರಗಳನ್ನು ನೋಡುವ ಬಗೆ

ಅಮೆರಿಕದ ಕಲಾವಿದೆ ಆಲ್ಮಾ ಥಾಮಸ್ (1891–1978) ಅವರ ಚಿತ್ರದೆದುರು ನಿಂತಾಗ ‘ಇದೇನು?’ ಎಂಬ ಪ್ರಶ್ನೆಯನ್ನು ತುಸು ಹೊತ್ತು ಬದಿಗಿಟ್ಟು, ಬಣ್ಣದ ತುಣುಕುಗಳ ನಡುವೆ ಉಳಿದ ಬಿಳಿಯನ್ನು ನೋಡಿ. ಅವರನ್ನು ಸಾಮಾನ್ಯವಾಗಿ ಸೇರಿಸುವ ಕಲರ್ ಫೀಲ್ಡ್ ಎಂಬ ಅಮೂರ್ತ ಪಂಥದಲ್ಲಿ ಬಣ್ಣವೇ ವಸ್ತು. ಥಾಮಸ್ ಅವರಂತೆ ವಾಷಿಂಗ್ಟನ್‌ನಲ್ಲಿದ್ದ ಚಿತ್ರಕಾರ ಮಾರಿಸ್ ಲೂಯಿ ತೆಳು ಬಣ್ಣವನ್ನು ಲೇಪವಿಲ್ಲದ ಕ್ಯಾನ್ವಾಸಿನ ಮೇಲೆ ಸುರಿದು ಇಂಗಿಸುತ್ತಿದ್ದರು. ಅಲ್ಲಿ ಕೈಯ ಗುರುತೇ ಸಿಗದು. ಥಾಮಸ್ ಕುಂಚ ಬಿಡಲಿಲ್ಲ. ಅಕ್ರಿಲಿಕ್ಕನ್ನು ತುಣುಕು ತುಣುಕಾಗಿ ಒಂದರ ಪಕ್ಕ ಒಂದು ಹಚ್ಚುತ್ತ ಹೋದರು. 1970ರ ‘ದಿ ಎಕ್ಲಿಪ್ಸ್’ನಲ್ಲಿ ಗಾಢ ವರ್ಣದ ಬಿಲ್ಲೆ ನಟ್ಟನಡುವೆ ಇಲ್ಲ, ಪಕ್ಕಕ್ಕೆ ಸರಿದಿದೆ, ಸುತ್ತಲೂ ಬಣ್ಣದ ಉಂಗುರಗಳು. ಸಂದಿಗಳು ಒಂದೇ ಅಳತೆಯವಲ್ಲವಾದ್ದರಿಂದ ಕಣ್ಣು ಎಲ್ಲೂ ನಿಲ್ಲದೆ ಸುತ್ತುತ್ತದೆ. ಆ ಬಿಳಿಯನ್ನು ಮನಸ್ಸಿನಲ್ಲೇ ಮುಚ್ಚಿ ನೋಡಿ: ಉಂಗುರಗಳು ಉಳಿಯುತ್ತವೆ, ಮಿಡಿತ ನಿಲ್ಲುತ್ತದೆ.

ಮಕ್ಕಳೂ ಹೀಗೆ ಹಚ್ಚಬಲ್ಲರು ಎನ್ನುವವರಿಗೆ 1972ರ ‘ಸ್ಟಾರಿ ನೈಟ್ ಅಂಡ್ ದಿ ಆಸ್ಟ್ರೊನಾಟ್ಸ್’ ಉತ್ತರ ಕೊಡುತ್ತದೆ. ಎತ್ತರದ ಕ್ಯಾನ್ವಾಸ್ ತುಂಬ ನೀಲಿ. ಮೇಲೆ ಬಲಕ್ಕೆ ಮಾತ್ರ ಕೆಂಪು, ಕಿತ್ತಳೆ, ಹಳದಿಯ ಪುಟ್ಟ ಆಕಾರ. ಅಚ್ಚಾದ ಪ್ರತಿಯಲ್ಲಿ ಅದನ್ನು ಹೆಬ್ಬೆರಳಿನಿಂದ ಮುಚ್ಚಿ: ನೀಲಿ ಬರೀ ಗೋಡೆ. ಬೆರಳು ತೆಗೆಯಿರಿ: ಅದೇ ನೀಲಿಗೆ ಆಳ ಬರುತ್ತದೆ. ಎಷ್ಟು ಸಣ್ಣದು, ಎಲ್ಲಿ ಎಂಬ ಈ ನಿರ್ಧಾರ ಕೈಚಳಕದ್ದಲ್ಲ, ವಿವೇಕದ್ದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಥಾಮಸ್ ಅವರತ್ತ ಮತ್ತೆ ಹರಿದಿರುವ ಗಮನ, ಈಗಿನ ಈ ‘ಮರುಶೋಧ’, ಅವರು ಕಪ್ಪು ಮಹಿಳೆಯೆಂಬ ಕಾರಣಕ್ಕಷ್ಟೇ ಅಲ್ಲವೇ? ಅವರ ಬದುಕಿನ ತುಂಬ ‘ಮೊದಲಿಗರು’ ಎಂಬ ಬಿರುದುಗಳಿರುವುದು ನಿಜ. 1924ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಮೊದಲ ಲಲಿತಕಲಾ ಪದವೀಧರೆ. 1960ರವರೆಗೆ ಶಾಲಾ ಶಿಕ್ಷಕಿ. 1972ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಏಕವ್ಯಕ್ತಿ ಪ್ರದರ್ಶನ ಕಂಡ ಮೊದಲ ಕಪ್ಪು ಮಹಿಳೆ. ಆದರೆ ವಿಟ್ನಿಯವರೆಗೆ ಹೋದವರನ್ನು ಅಜ್ಞಾತರೆನ್ನಲಾಗದು. ಹಾಗೆ ಬೆಳಕಿಗೆ ಬಂದವರು ಮತ್ತೆ ಮಸುಕಾದದ್ದು ಹೇಗೆ? ಆ ಪಂಥದ ಚರಿತ್ರೆಯನ್ನು ಬರೆದವರು ಇಂಗಿದ ಬಣ್ಣಕ್ಕೆ ಹೆಚ್ಚು ಬೆಲೆ ಕಟ್ಟಿದರು. ಆ ತಕ್ಕಡಿಯಲ್ಲಿ ಕುಂಚದ ತುಣುಕು ಹಳೇಕಾಲದ್ದೆನಿಸಿರಬೇಕು. ಕಪ್ಪು ಕಲಾವಿದೆಯಿಂದ ದಬ್ಬಾಳಿಕೆಯ ಚಿತ್ರವನ್ನೇ ಬಯಸಿದವರಿಗೂ ಹೂವು, ಗ್ರಹಣ, ಗಗನಯಾತ್ರಿಗಳ ಈ ಉಲ್ಲಾಸ ರುಚಿಸದೆ ಹೋಗಿರಬಹುದು. ಹಾಗಾಗಿ ಹಳೆಯ ಪಟ್ಟಿಗೆ ಹೆಸರೊಂದನ್ನು ಸೇರಿಸಿದರೆ ಸಾಲದು, ಕೈಯ ಗುರುತು ದೋಷವೆಂಬ ಎಣಿಕೆಯನ್ನೇ ಬಿಡಬೇಕು. ಸಂಧಿವಾತ ಹಿಡಿದ ಕೈಯಿಂದ 1976ರಲ್ಲಿ ಬಿಡಿಸಿದ, ಸುಮಾರು 13 ಅಡಿ ಅಗಲದ ‘ರೆಡ್ ಅಜೇಲಿಯಾಸ್’ ಚಿತ್ರದ ಮೂರು ಫಲಕಗಳಲ್ಲಿ ಬಣ್ಣವೆಂದರೆ ಕೆಂಪೊಂದೇ. ಉಳಿದ ಕೆಲಸವನ್ನೆಲ್ಲ ಬಿಳಿಯೇ ಮಾಡುತ್ತದೆ.